ಮಾಡು (ಚಾವಣಿ) ಬಿಚ್ಚಿದಾಗ ಕಂಡದ್ದು: ಮನೆ ರಿಪೇರಿ ಮಾಡುವಾಗ ನಿಮಗೆ ಯಾವ ಬೈಬಲ್ ವಾಕ್ಯ ನೆನಪಾಯಿತು?

ಹಂಚಿನಮನೆಯವ (ಮಂಗಳೂರು), ಏಪ್ರಿಲ್ 26

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದಾಗ ಓದಿ.

ನಮ್ಮದು ಅಜ್ಜ ಕಟ್ಟಿಸಿದ ಹಂಚಿನ ಮನೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮರದ ಪಕ್ಕಾಸು (ಮಾಡಿನ ಇಳಿಜಾರು ತೊಲೆ), ಮೇಲೆ ಮಂಗಳೂರು ಹಂಚು. ಅಮ್ಮ ಮಲಗುವ ಕೋಣೆಯ ಮೂಲೆಯಲ್ಲಿ ನಾಲ್ಕು ಮಳೆಗಾಲದಿಂದ ಒಂದು ಕಲೆ ಇತ್ತು. ಶುರುವಿಗೆ ಅಂಗೈಯಷ್ಟು. ಕಳೆದ ವರ್ಷಕ್ಕೆ ಅರ್ಧ ಗೋಡೆ. ಪ್ರತಿ ಡಿಸೆಂಬರಿನಲ್ಲಿ, ಕ್ರಿಸ್ಮಸ್‌ಗೆ ನೆಂಟರು ಬರುವ ಮೊದಲು, ನಾನು ಅದಕ್ಕೆ ಪುಟ್ಟಿ ತೀಡಿ ಪೈಂಟ್ ಹೊಡೆಯುತ್ತಿದ್ದೆ. ಜನವರಿಯಲ್ಲಿ ಚೆಂದ. ಜೂನ್ ಬಂದರೆ ಮತ್ತೆ ಅದೇ ಕತೆ. ಅಮ್ಮ ಮಂಚವನ್ನು ಒಂದೊಂದೇ ಗೇಣು ಆಚೆ ಎಳೆದುಕೊಳ್ಳುತ್ತಾ ಬಂದರು. ಈಗ ಮಂಚ ಬಾಗಿಲಿಗೆ ತಾಗುತ್ತದೆ.

ಈ ಸಲ ಮನಸ್ಸು ಗಟ್ಟಿ ಮಾಡಿ ಇಡೀ ಮಾಡು ಬಿಚ್ಚಿಸಿದೆ. ಸುಮಾರು 1,800 ಹಂಚು. ಆ ಮೂಲೆಯ ನೇರ ಮೇಲಿದ್ದ ಹಂಚುಗಳೆಲ್ಲ ಸರಿ ಇದ್ದವು. ಅದಕ್ಕೇ ನಾನು ಇಷ್ಟು ವರ್ಷ ಗೋಡೆಯದ್ದೇ ತೊಂದರೆ ಅಂದುಕೊಂಡಿದ್ದೆ. ಒಡೆದ ಹಂಚು ಇದ್ದದ್ದು ಏಳೆಂಟು ಅಡಿ ಮೇಲೆ, ಕೋಡಿನ (ಮಾಡಿನ ನೆತ್ತಿಯ) ಹತ್ತಿರ. ನೀರು ಅಲ್ಲಿ ಒಳಗೆ ಬಂದು, ಪಕ್ಕಾಸು ಹಿಡಿದುಕೊಂಡು ಸದ್ದಿಲ್ಲದೆ ಇಳಿದು, ಗೋಡೆ ಸಿಕ್ಕಿದಲ್ಲಿ ಕೂತಿದೆ. ಪಕ್ಕಾಸಿನ ಉದ್ದಕ್ಕೂ ಹೆಬ್ಬೆರಳಷ್ಟು ಅಗಲದ ಕಪ್ಪು ಗೆರೆ. ಆ ಗೆರೆ ಹಿಡಿದೇ ಒರಲೆ ಹತ್ತಿದೆ. ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ಒತ್ತಿದರು. ಹಿಡಿಯವರೆಗೆ ಒಳಗೆ ಹೋಯಿತು. ಒಳಗೆ ಮರವೇ ಇಲ್ಲ, ಬರೀ ಮಣ್ಣು.

ಯೆಹೆಜ್ಕೇಲನ 13ನೇ ಅಧ್ಯಾಯ ಸಂಡೇ ಸ್ಕೂಲಿನಲ್ಲಿ ಓದಿದ್ದೆ. ಜನ ಗಟ್ಟಿಯಿಲ್ಲದ ಗೋಡೆ ಕಟ್ಟುತ್ತಾರೆ, ಸುಳ್ಳು ಪ್ರವಾದಿಗಳು ಅದಕ್ಕೆ ಸುಣ್ಣ ಬಳಿಯುತ್ತಾರೆ, ಮಳೆ ಬಂದು ಗೋಡೆ ಬೀಳುತ್ತದೆ. ಆಮೇಲೆ ಎಲ್ಲರೂ ಕೇಳುತ್ತಾರೆ, ನೀವು ಬಳಿದ ಸುಣ್ಣ ಎಲ್ಲಿ ಅಂತ. ನಾಲ್ಕು ಡಿಸೆಂಬರ್ ಸುಣ್ಣ ಬಳಿದವನು ನಾನೇ, ಮಾರಾಯ್ರೆ.

ಇನ್ನೊಂದು ವಿಷಯ ಹೇಳದಿದ್ದರೆ ಇದನ್ನು ಬರೆದು ಪ್ರಯೋಜನ ಇಲ್ಲ. ಅಣ್ಣನ ಜೊತೆ ಮಾತು ಬಿಟ್ಟು ಮೂರು ವರ್ಷ ಆಯಿತು. ಕೇಳಿದವರಿಗೆಲ್ಲ ನಾವಿಬ್ಬರೂ ಆಸ್ತಿ ವಿಷಯ ಅಂತ ಹೇಳುತ್ತೇವೆ. ಸೋರಿದ್ದು ಅಲ್ಲಿ ನಿಜ. ಒಡೆದದ್ದು ಅದಕ್ಕಿಂತ ತುಂಬಾ ಮೊದಲು, ಅಪ್ಪ ಆಸ್ಪತ್ರೆಯಲ್ಲಿದ್ದಾಗ. ಅವನು ದುಬೈಯಿಂದ ಬಂದಿಳಿದ ರಾತ್ರಿ ನಾನು ಒಂದು ಮಾತು ಆಡಿದ್ದೆ. ಪಕ್ಕಾಸಿನ ಆ ಕಪ್ಪು ಗೆರೆ ನೋಡುತ್ತಾ ನಿಂತಾಗ ಅದೇ ನೆನಪಾಯಿತು.

ನಿಮಗೂ ಹೀಗೆ ಆದದ್ದು ಉಂಟಾ? ಪ್ರಸಂಗ ಬೇಡ. ಆದದ್ದನ್ನು ಹೇಳಿ.

ಮೇಲ್ಮುದ್ದಿ_ಮೊಮ್ಮಗಳು (ಧಾರವಾಡ), ಏಪ್ರಿಲ್ 26

ಅಣ್ಣಾರ, ಓದಿ ಸುಮ್ಮನೆ ಕೂತುಬಿಟ್ಟೆ. ಅಮ್ಮನ ಮಂಚದ ಮಾತು ಬಹಳ ತಾಗಿತು.

ನಮ್ಮ ಅಜ್ಜಿಯ ಮನೆ ಬೆಟಗೇರಿಯಲ್ಲಿತ್ತು. ನಿಮ್ಮ ಹಾಗೆ ಇಳಿಜಾರಿನ ಮಾಡು ಅಲ್ಲ, ಮೇಲ್ಮುದ್ದಿ ಮನೆ. ಸಾಲಾಗಿ ಜಂತಿ, ಅದರ ಮೇಲೆ ಕಟ್ಟಿಗೆ, ಬೇವಿನ ಸೊಪ್ಪು, ಎಲ್ಲದರ ಮೇಲೆ ಸವಳು ಮಣ್ಣು ಹಾಕಿ ತುಳಿದು ಬಡಿದು ಮಾಡಿದ ಚಾವಣಿ. ಮಧ್ಯದಲ್ಲಿ ಒಂದು ಬೆಳಕಿಂಡಿ. ಪ್ರತಿ ವರ್ಷ ಮಳೆಗೆ ಮುಂಚೆ ಅಜ್ಜ ಮೇಲೆ ಹತ್ತಿ ಹೊಸ ಸವಳು ಹಾಕಿಸುತ್ತಿದ್ದರು. ನಾವು ಹುಡುಗರು ತುಳಿಯೋಕೆ ಹೋಗುತ್ತಿದ್ದೆವು. ತುಳಿದದ್ದಕ್ಕಿಂತ ಕುಣಿದದ್ದೇ ಜಾಸ್ತಿ.

ನಾಲ್ಕು ಜನ ಪಾರ್ಶ್ವವಾಯು ರೋಗಿಯನ್ನು ಚಾವಣಿಯಿಂದ ಯೇಸುವಿನ ಮುಂದೆ ಇಳಿಸಿದ ಕತೆ ನಮಗೆಲ್ಲ ಗೊತ್ತಲ್ವಾ, ಕಪೆರ್ನೌಮಿನಲ್ಲಿ. ಶಹರದ ಹುಡುಗರಿಗೆ ಅದನ್ನು ಹೇಳಿದರೆ ‘ಆರ್‌ಸಿಸಿ ಹೇಗೆ ಒಡೆದರು ಟೀಚರ್’ ಅಂತ ಕೇಳುತ್ತಾರೆ. ನಮಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಗುದ್ದಲಿ ತಗೊಂಡರೆ ಅಜ್ಜಿ ಮನೆಯ ಚಾವಣಿ ಅರ್ಧ ತಾಸಿನ ಕೆಲಸ. ಮಾರ್ಕನು ‘ಅಗೆದರು’ ಅಂತಲೇ ಬರೆದಿದ್ದಾನೆ. ಆದರೆ ಲೂಕ ಅದೇ ಕತೆ ಹೇಳುವಾಗ ಹಂಚಿನ ಮಾತು ತರುತ್ತಾನೆ. ಹಂಚಿನ ನಡುವಿನಿಂದ ಇಳಿಸಿದರು ಅಂತ. ಪಂಡಿತರು ಏನೇನೋ ಕಾರಣ ಕೊಡುತ್ತಾರೆ, ಇರಲಿ. ನನಗೆ ಅನ್ನಿಸುವುದು ಇಷ್ಟೇ: ಮಾರ್ಕನು ನಮ್ಮ ಧಾರವಾಡದ ಕಡೆಯವನು, ಲೂಕನು ನಿಮ್ಮ ಮಂಗಳೂರಿನವನು!

ನಗೆ ಬಿಡಿ. ಆ ಮನೆಯ ಯಜಮಾನ ಯಾರು? ಅವನ ಹೆಸರೇ ಇಲ್ಲ. ರೋಗಿ ಹಾಸಿಗೆ ಹೊತ್ತು ನಡೆದ. ಜನ ದೇವರನ್ನು ಕೊಂಡಾಡಿದರು. ಸಂಜೆ ಎಲ್ಲರೂ ಹೋದ ಮೇಲೆ ಒಬ್ಬನು ಮನೆ ನಡುವೆ ನಿಂತು ಆ ತೂತು ನೋಡಿರಬೇಕು. ಅವನ ಬಗ್ಗೆ ಒಂದು ಮಾತೂ ಇಲ್ಲ. ಅಜ್ಜಿಯ ಚಾವಣಿ ಒಂದು ಮಳೆಯಲ್ಲಿ ಕುಸಿದಾಗ ನನಗೆ ಅವನೇ ನೆನಪಾಗಿದ್ದ.

ಬಾತ್ರೂಮ್_ಬಲಿಪಶು (ಬೆಂಗಳೂರು), ಏಪ್ರಿಲ್ 27

ಕ್ಷಮಿಸಿ, ನಾನು ಸ್ವಲ್ಪ ಖಾರವಾಗಿ ಮಾತಾಡ್ತೀನಿ.

ನಾನೂ ಚರ್ಚಿಗೆ ಹೋಗುವವನೇ. ಆದರೆ ಪ್ರತಿ ಮೊಳೆಗೂ ಒಂದು ವಾಕ್ಯ ಹೊಡೆಯುವ ಅಭ್ಯಾಸ ನನಗೆ ಆಗಿ ಬರೋದಿಲ್ಲ. ಹೋದ ವರ್ಷ ಫ್ಲಾಟಿನ ಬಾತ್ರೂಮ್ ಒಡೆಸಿದೆ. ಕಾಂಟ್ರಾಕ್ಟರ್ 1,80,000 ಅಡ್ವಾನ್ಸ್ ತಗೊಂಡ. ಹಳೇ ಟೈಲ್ಸ್ ಕಿತ್ತ, ಪೈಪ್ ಕಿತ್ತ, ಆಮೇಲೆ ಫೋನ್ ಎತ್ತಲಿಲ್ಲ. ಐದು ತಿಂಗಳು ಪಕ್ಕದ ಮನೆಯಲ್ಲಿ ಸ್ನಾನ. ಕೆಳಗಿನ ಮನೆಯವರ ಸೀಲಿಂಗಿಗೆ ನೀರು ಇಳಿದು, ಅವರದ್ದೂ ಜಗಳ.

ಪ್ರಾರ್ಥನಾ ಕೂಟದಲ್ಲಿ ಈ ಗೋಳು ಹೇಳಿಕೊಂಡರೆ ಒಬ್ಬರು ನಗುನಗುತ್ತಾ, ‘ಬ್ರದರ್, ಕರ್ತನು ನಿಮಗೆ ತಾಳ್ಮೆ ಕಲಿಸ್ತಿದ್ದಾನೆ’ ಅಂದರು. ನಾನು ಕಲಿತದ್ದು ತಾಳ್ಮೆ ಅಲ್ಲ. ಕೆಲಸ ಮುಗಿದಷ್ಟಕ್ಕೆ ಮಾತ್ರ ದುಡ್ಡು, ಎಲ್ಲ ಬರಹದಲ್ಲಿ. ಅಷ್ಟೇ. ಬೇಕಾದರೆ ಅದಕ್ಕೂ ವಾಕ್ಯ ಇದೆ, ಲೂಕ 14. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು ಅಂತ ಯೇಸುವೇ ಹೇಳಿದ್ದಾನೆ. ಆ ಮಾತು ಶಿಷ್ಯರಾಗುವ ಬೆಲೆಯ ಬಗ್ಗೆ, ಗೊತ್ತು. ಆದರೂ ಖರ್ಚಿನ ಲೆಕ್ಕ ಅಂದರೆ ಖರ್ಚಿನ ಲೆಕ್ಕವೂ ಹೌದು.

ಹಂಚಿನಮನೆಯವರೇ, ಇನ್ನೊಂದು ಕೇಳ್ತೀನಿ, ಬೇಜಾರಾಗಬೇಡಿ. ಅಣ್ಣನಿಗೆ ಫೋನ್ ಮಾಡಿದ್ರಾ? ಇಲ್ಲ ನಮಗೆ ಮಾತ್ರ ಹೇಳಿದ್ರಾ?

ಹಂಚಿನಮನೆಯವ, ಏಪ್ರಿಲ್ 27

ಬೇಜಾರಿಲ್ಲ. ಮಾಡಿಲ್ಲ. ನಂಬರ್ ತೆಗೆದೆ, ಇಟ್ಟೆ.

ಮೇಸ್ತ್ರಿಮಗ (ಶಿರ್ವ), ಏಪ್ರಿಲ್ 28

ನಮ್ಮದು ಕೊಂಕಣಿ ಮನೆ, ಕ್ಯಾಥೊಲಿಕರು. ಅಪ್ಪ ಮೇಸ್ತ್ರಿ. ನಾನು ಸೈಟ್ ಸೂಪರ್‌ವೈಸರ್. ಹಾಗಾಗಿ ಮೊದಲು ಕೆಲಸದ ಮಾತು, ಆಮೇಲೆ ವಾಕ್ಯ.

ಹಂಚಿನ ಮಾಡು ಸೋರುವುದಕ್ಕೆ ಹಂಚು ಒಡೆಯಲೇಬೇಕು ಅಂತ ಇಲ್ಲ. ಎರಡು ಹಂಚು ಒಂದರೊಳಗೊಂದು ಕೂರುವ ಸಂದಿಯಲ್ಲಿ ಪಾಚಿ, ತರಗೆಲೆ ತುಂಬಿದರೂ ಸಾಕು. ನೀರು ಮುಂದಕ್ಕೆ ಹೋಗಲಾರದೆ ಹಿಂದಕ್ಕೆ ಹತ್ತಿ ಒಳಗೆ ಬರುತ್ತದೆ. ಹಂಚಿನ ಅಡಿಯಲ್ಲಿ ರೀಪಿಗೆ (ಪಕ್ಕಾಸಿನ ಮೇಲಿನ ಅಡ್ಡಪಟ್ಟಿಗೆ) ಸಿಕ್ಕಿಸುವ ಮೂಗು ಮುರಿದರೆ ಹಂಚು ಒಂದಿಂಚು ಜಾರುತ್ತದೆ. ಕೆಳಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಕೋಡಿಗೆ ಹಾಕಿದ ಸಿಮೆಂಟ್ ಬಿಸಿಲಿಗೆ ಬಿರುಕು ಬಿಡುತ್ತದೆ. ನಮ್ಮ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ, ಅದೂ ಪಡುಗಾಳಿ ಜೊತೆ. ಬಿರುಕು ಕೂದಲೆಳೆಯಷ್ಟಿದ್ದರೂ ಹುಡುಕಿಕೊಂಡು ಬರುತ್ತದೆ.

ಗೋಡೆಗೆ ದಯವಿಟ್ಟು ಮತ್ತೆ ಪ್ಲಾಸ್ಟಿಕ್ ಪೈಂಟ್ ಹೊಡೆಯಬೇಡಿ. ಮುರಕಲ್ಲು ನೀರು ಕುಡಿಯುವ ಕಲ್ಲು. ಕುಡಿದದ್ದನ್ನು ಬಿಡಲು ದಾರಿ ಬೇಕು. ಹಳಬರು ಸುಣ್ಣ ಹೊಡೆಯುತ್ತಿದ್ದದ್ದು ಬಡತನಕ್ಕಲ್ಲ. ಕಲೆ ಇರುವ ಗಾರೆ ಪೂರ್ತಿ ಕೆರೆದು, ಒಂದು ಬೇಸಿಗೆ ಒಣಗಲು ಬಿಟ್ಟು, ಆಮೇಲೆ ಸುಣ್ಣ. ಹೊಸ ಪಕ್ಕಾಸು ಹಾಕುವಾಗ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಿರಿ. ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸ್ ಹಾಕಿ.

ಈಗ ವಾಕ್ಯ. ಯಾಜಕಕಾಂಡ 14ನೇ ಅಧ್ಯಾಯ ಯಾರಾದರೂ ಓದಿದ್ದೀರಾ? ಯಾರೂ ಓದುವುದಿಲ್ಲ, ಕುಷ್ಠದ ವಿಷಯ ಅಂತ ಪುಟ ತಿರುಗಿಸುತ್ತಾರೆ. ಅದರ ಕೊನೆಯ ಭಾಗ ಮನೆಯ ಗೋಡೆಗೆ ಬರುವ ಬೂಷ್ಟಿನ ಬಗ್ಗೆ. ಹಸಿರು ಅಥವಾ ಕೆಂಪು ಕಲೆ ಗೋಡೆಯ ಒಳಕ್ಕೆ ಇಳಿದಂತೆ ಕಂಡರೆ ಯಾಜಕನನ್ನು ಕರೆಯಬೇಕು. ಅವನು ಏಳು ದಿನ ಮನೆ ಮುಚ್ಚಿ, ಮತ್ತೆ ಬಂದು ನೋಡಬೇಕು. ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು ಊರ ಹೊರಗೆ ಎಸೆದು, ಒಳಗಿನ ಗಾರೆ ಕೆರೆದು, ಬೇರೆ ಕಲ್ಲು, ಬೇರೆ ಗಾರೆ. ಮತ್ತೂ ಬಂದರೆ ಮನೆಯನ್ನೇ ಕೆಡವಬೇಕು. ನಾನು ಸೈಟಿನಲ್ಲಿ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಮೇಲಿಂದ ಬಳಿಯಬೇಡಿ, ಕೆರೆಯಿರಿ, ಕಾಯಿರಿ, ಮತ್ತೆ ನೋಡಿ.

ಆದರೆ ನನಗೆ ಇಷ್ಟ ಆದದ್ದು ಬೇರೆ ಒಂದು ಸಾಲು. ಯಾಜಕನು ಪರೀಕ್ಷೆಗೆ ಒಳಗೆ ಬರುವ ಮೊದಲೇ ಮನೆಯ ಸಾಮಾನೆಲ್ಲ ಹೊರಗೆ ತೆಗೆಯಲು ಹೇಳಬೇಕು. ಯಾಕೆಂದರೆ ಮನೆ ಅಶುದ್ಧ ಅಂತ ಆಮೇಲೆ ಹೇಳಿದರೆ ಒಳಗಿದ್ದ ಪಾತ್ರೆಪಗಡಿಯೂ ಅಶುದ್ಧ ಆಗುತ್ತದೆ. ನೋಡಿ, ತೀರ್ಪು ಕೊಡುವ ಮೊದಲು ಬಡವನ ಮಡಕೆ ಉಳಿಸುವ ಯೋಚನೆ. ಪಾಪನಿವೇದನೆಗೆ ಹೋಗುವಾಗ ನನಗೆ ಅದು ನೆನಪಾಗುತ್ತದೆ. ಯಾಕೆ ಅಂತ ಕೇಳಬೇಡಿ, ವಿವರಿಸಲು ಬರುವುದಿಲ್ಲ.

ಬೀಗದಮನೆ (ಕುವೈತ್), ಏಪ್ರಿಲ್ 30

ಪ್ರೈಸ್ ದಿ ಲಾರ್ಡ್. ಎರಡು ದಿನದಿಂದ ಬರೆಯಲೋ ಬೇಡವೋ ಅಂತ ಇದ್ದೆ.

ನಾನು ಇಲ್ಲಿಗೆ ಬಂದು 19 ವರ್ಷ. ಊರು ಉಡುಪಿ ಜಿಲ್ಲೆ. ಹಳೇ ಮನೆಯ ಪಕ್ಕದಲ್ಲೇ ಹೊಸ ಮನೆ ಕಟ್ಟಿಸಿದೆ. ಹಾಲ್‌ನ ಒಂದು ಗೋಡೆಗೆ ಪೂರ್ತಿ ತೇಗದ ಹಲಗೆ. ನೆಲಕ್ಕೆ ಮುಖ ಕಾಣುವ ಟೈಲ್ಸ್. ಗೃಹಪ್ರವೇಶಕ್ಕೆ 400 ಜನ ಊಟ.

ಅಪ್ಪ ಅಮ್ಮ ಅಲ್ಲಿ ಮಲಗಿದ್ದು ಹನ್ನೊಂದು ರಾತ್ರಿ. ಹನ್ನೆರಡನೇ ದಿನ ಅಮ್ಮ ಆ ಟೈಲ್ಸ್ ಮೇಲೆ ಜಾರಿದರು. ದೇವರ ದಯೆ, ಮೂಳೆ ಮುರಿಯಲಿಲ್ಲ. ‘ನಿನ್ನ ಮನೆ ಚೆಂದ ಉಂಟು ಮಗಾ, ನಮಗೆ ಕಾವಿ ನೆಲವೇ ಸಾಕು’ ಅಂತ ಹಳೇ ಮನೆಗೆ ವಾಪಸ್ಸು ಹೋದರು. ಆ ಮನೆಯ ಅಡುಗೆಕೋಣೆ ಸೋರುತ್ತದೆ. ಅದನ್ನು ರಿಪೇರಿ ಮಾಡಿಸಲು ನಾನು ಒಪ್ಪಲಿಲ್ಲ. ಹೊಸ ಮನೆ ಇರುವಾಗ ಹಳೆಯದಕ್ಕೆ ಯಾಕೆ ದುಡ್ಡು ಸುರಿಯಬೇಕು ಅನ್ನುವ ಹಟ. ಹೊಸ ಮನೆಗೆ ಬೀಗ. ವಾರಕ್ಕೊಮ್ಮೆ ಯಾರೋ ಬಂದು ಗುಡಿಸುತ್ತಾರೆ.

ಕ್ರಿ.ಪೂ. 520ರಲ್ಲಿ ಪ್ರವಾದಿ ಹಗ್ಗಾಯನು ಜನರನ್ನು ಕೇಳಿದ್ದು: ಈ ಆಲಯ ಹಾಳುಬಿದ್ದಿರುವಾಗ ನೀವು ಹಲಗೆ ಹೊದಿಸಿದ ಮನೆಗಳಲ್ಲಿ ಕೂತಿರುವುದು ಸರಿಯಾ ಅಂತ. ಅವನು ಹೇಳಿದ್ದು ಯೆರೂಸಲೇಮಿನ ದೇವಾಲಯದ ವಿಷಯ. ನಮ್ಮ ಸಭಾಪಾಲಕರು ಅದನ್ನು ಚರ್ಚ್ ಕಟ್ಟಡ ನಿಧಿಗೆ ಓದಿದರು. ನನ್ನ ಕಿವಿಗೆ ಬಿದ್ದದ್ದು ಒಂದೇ ಶಬ್ದ, ಹಲಗೆ. ಎರಡು ಸಾಲು ಕೆಳಗೆ ಇನ್ನೊಂದು ಮಾತು ಉಂಟು, ಕೂಲಿ ತಂದವನು ತೂತು ಚೀಲಕ್ಕೆ ಹಾಕಿದ ಹಾಗೆ ಅಂತ. ಚರ್ಚಿಂದ ಹೊರಗೆ ಬಂದು ಕಾರಿನಲ್ಲಿ ಎಸಿ ಹಾಕಿ ಅರ್ಧ ಗಂಟೆ ಕೂತಿದ್ದೆ.

ಮೇಸ್ತ್ರಿಮಗ ಅವರೇ, ಶಿರ್ವದಿಂದ ನಮ್ಮೂರು ದೂರ ಇಲ್ಲ. ಅಡುಗೆಕೋಣೆ ಒಮ್ಮೆ ನೋಡಿ ಹೇಳುತ್ತೀರಾ?

ಮೇಸ್ತ್ರಿಮಗ, ಏಪ್ರಿಲ್ 30

ನೋಡುವ, ಅದಕ್ಕೇನಂತೆ. ಮೇ 10ರ ಒಳಗೆ ಬರುತ್ತೇನೆ. ಬೀಗದ ಕೈ ಬೇಡ, ಹಳೇ ಮನೆಗೇ ಹೋಗುತ್ತೇನೆ.

ಸಂಡೇಸ್ಕೂಲ್_ಟೀಚರ್ (ಹಾಸನ), ಮೇ 1

ಇವತ್ತು ಕಾರ್ಮಿಕರ ದಿನ. ಅದಕ್ಕೇ ಈ ಪ್ರಶ್ನೆ ಬಂತೋ ಏನೋ.

ಇಲ್ಲಿವರೆಗೆ ಬರೆದದ್ದನ್ನೆಲ್ಲ ಎರಡು ಸಲ ಓದಿದೆ. ಕಣ್ಣು ತುಂಬಿತು, ಸುಳ್ಳು ಹೇಳೋದಿಲ್ಲ. ಆದರೆ ಎಲ್ಲರ ಪಾಠವೂ ‘ನಾನು’ ಅಂತಲೇ ಇದೆ. ನನ್ನ ಗೋಡೆ, ನನ್ನ ಪಾಪ, ನನ್ನ ತಾಳ್ಮೆ, ನನ್ನ ಹಲಗೆ. ಹಂಚಿನಮನೆಯಣ್ಣ, 1,800 ಹಂಚು ಇಳಿಸಿದವರು ಯಾರು? ಎಷ್ಟು ಜನ? ಅವರಿಗೆ ಸೊಂಟಕ್ಕೆ ಹಗ್ಗ ಇತ್ತಾ?

ಸತ್ಯವೇದದಲ್ಲಿ ಮನೆ ಕಟ್ಟುವವರಿಗೆ ಅಂತಲೇ ಒಂದು ನೇರ ಆಜ್ಞೆ ಇದೆ, ಧರ್ಮೋಪದೇಶಕಾಂಡ 22:8. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತ ಅಡ್ಡಗೋಡೆ ಕಟ್ಟು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧ ನಿನ್ನ ಮನೆ ಮೇಲೆ ಬರುತ್ತದೆ ಅಂತ. ಇದರಲ್ಲಿ ಒಳಾರ್ಥ ಹುಡುಕುವ ಕೆಲಸವೇ ಇಲ್ಲ. ಬೀಳದ ಹಾಗೆ ನೋಡಿಕೋ, ಅಷ್ಟೇ. ಎರಡು ಅಧ್ಯಾಯ ಮುಂದೆ ಹೋದರೆ ಕೂಲಿಯ ಮಾತು. ಬಡ ಕೂಲಿಯವನು ಸ್ವಜನವಾಗಲಿ ಪರದೇಶದಿಂದ ಬಂದವನಾಗಲಿ, ಅವನ ಕೂಲಿಯನ್ನು ಆವತ್ತೇ, ಸೂರ್ಯ ಮುಳುಗುವ ಮೊದಲು ಕೊಡಬೇಕು. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ, ಹಿಡಿದಿಟ್ಟುಕೊಂಡ ಕೂಲಿಯೇ ಕೂಗುತ್ತದೆ.

ಬಾತ್ರೂಮ್ ಸರ್, ನಿಮಗೂ ಸೇರಿಸಿಯೇ ಹೇಳೋದು. ಕಾಂಟ್ರಾಕ್ಟರ್ ಓಡಿಹೋದ ಸರಿ. ಅವನ ಕೆಳಗೆ ಟೈಲ್ಸ್ ಕಿತ್ತ ಇಬ್ಬರಿಗೆ ಕೂಲಿ ಸಿಕ್ಕಿತಾ, ವಿಚಾರಿಸಿದ್ರಾ?

ಬಾತ್ರೂಮ್_ಬಲಿಪಶು, ಮೇ 1

ಇಲ್ಲ ಟೀಚರ್. ಆಗ ಅದು ತಲೆಗೇ ಹೋಗಲಿಲ್ಲ. ಒಬ್ಬ ಹುಡುಗ ಎರಡು ಸಲ ಗೇಟಿನ ಹತ್ತಿರ ಬಂದು ಕಾಂಟ್ರಾಕ್ಟರ್ ಎಲ್ಲಿ ಅಂತ ಕೇಳಿದ್ದ. ಸೆಕ್ಯುರಿಟಿಯವರು ವಾಪಸ್ಸು ಕಳಿಸಿದರು. ನಾನೂ ಅವನನ್ನೇ ಹುಡುಕ್ತಿದ್ದೀನಿ ಅಂತ ಹೇಳಿ ಒಳಗೆ ಬಂದೆ.

ಹಂಚಿನಮನೆಯವ, ಮೇ 2

ಟೀಚರ್, ಉತ್ತರ ಬರೆಯಲು ಒಂದು ದಿನ ಬೇಕಾಯಿತು.

ಮೇಸ್ತ್ರಿ ಊರಿನವರು. ಮೇಲೆ ಹತ್ತಿದ್ದು ಮೂವರು ಹುಡುಗರು, ರಾಯಚೂರು ಕಡೆಯವರು. ಹಗ್ಗ ಇರಲಿಲ್ಲ. ಎರಡನೇ ದಿನ ಒಬ್ಬ ಪಾಚಿ ಹಂಚಿನ ಮೇಲೆ ಕಾಲಿಟ್ಟು ಜಾರಿದ. ರೀಪು ಸಿಕ್ಕಿತು, ಹಿಡಿದು ನೇತಾಡಿದ. ಮೊಣಕೈ ಚರ್ಮ ಪೂರ್ತಿ ಎದ್ದು ಬಂತು. ನಾನು ಡೆಟಾಲ್ ಹಚ್ಚಿ ಬ್ಯಾಂಡೇಜ್ ಕಟ್ಟಿದೆ, ಚಹಾ ಕೊಟ್ಟೆ. ಅರ್ಧ ಗಂಟೆಯಲ್ಲಿ ಅವನು ಮತ್ತೆ ಮೇಲೆ. ಮೊದಲ ದಿನ ನಾನು ಬರೆದದ್ದು ಇದೇ ಕೆಲಸದ ಬಗ್ಗೆ. ಪಕ್ಕಾಸಿನ ಕಪ್ಪು ಗೆರೆ ಬರೆದೆ. ಇದನ್ನು ಬರೆಯಬೇಕು ಅಂತ ಅನ್ನಿಸಲೇ ಇಲ್ಲ. ಮುಚ್ಚಿಟ್ಟದ್ದಲ್ಲ. ನೆನಪಿಗೇ ಬರಲಿಲ್ಲ. ಅದು ಇನ್ನೂ ಕೆಟ್ಟದ್ದು ಅಲ್ವಾ?

ಇವತ್ತು ಬೆಳಿಗ್ಗೆ ಮೂರು ಸೇಫ್ಟಿ ಬೆಲ್ಟ್, ಹಗ್ಗ ತಂದೆ. ಮೇಸ್ತ್ರಿ ನಕ್ಕರು, ಇಷ್ಟು ವರ್ಷ ಯಾರೂ ಕೊಟ್ಟಿಲ್ಲ ಅಂತ. ಕೋಡಿನ ಮರಕ್ಕೆ ಕಟ್ಟಿಸಿದೆ. ಜಾರಿದ ಹುಡುಗ ಬೆಲ್ಟ್ ಹಾಕಿಕೊಂಡು ಮೊಬೈಲ್‌ನಲ್ಲಿ ಫೋಟೊ ತೆಗೆಸಿಕೊಂಡ, ಮನೆಗೆ ಕಳಿಸಲಿಕ್ಕೆ. ಕೂಲಿ ವಾರಕ್ಕೊಮ್ಮೆ ಮೇಸ್ತ್ರಿ ಕೈಗೆ ಕೊಡುತ್ತಿದ್ದೆ. ಹುಡುಗರಿಗೆ ಅದು ಯಾವಾಗ ಸೇರುತ್ತದೆ ಅಂತ ಕೇಳಿದೆ. ‘ಊರಿಗೆ ಹೋಗುವಾಗ ಒಟ್ಟಿಗೆ’ ಅಂದರು. ಇನ್ನು ಸಂಜೆ ಸಂಜೆ ನಾನೇ ಕೊಡುವುದು ಅಂತ ಮಾತಾಯಿತು. ಮೇಸ್ತ್ರಿಗೆ ಸ್ವಲ್ಪ ಬೇಸರ ಆಗಿದೆ. ಆಗಲಿ.

ಮೇಲ್ಮುದ್ದಿ_ಮೊಮ್ಮಗಳು, ಮೇ 2

ಅಣ್ಣಾರ, ಆ ಹುಡುಗರು ನಮ್ಮ ಸೀಮೆಯವರು. ಅವರ ಮನೆಗಳೂ ಮೇಲ್ಮುದ್ದಿ ಇರಬಹುದು. ಇಲ್ಲಿ ಮಳೆ ಇಲ್ಲ, ಹೊಲ ಒಣಗಿದೆ ಅಂತ ಅಲ್ಲಿಗೆ ಬಂದು ನಿಮ್ಮ ಮಳೆಗೆ ಮಾಡು ಕಟ್ಟುತ್ತಾರೆ. ಅವರಿಗೆ ಒಂದು ದಿನ ರೊಟ್ಟಿ ಮಾಡಿ ಹಾಕಿಸ್ರಿ. ಕುಚ್ಚಲಕ್ಕಿ ತಿಂದು ಸಾಕಾಗಿರುತ್ತದೆ.

ಟೀಚರ್ ಹೇಳಿದ ಮೇಲೆ ನಾನು ನೆಹೆಮೀಯನ 3ನೇ ಅಧ್ಯಾಯ ತೆಗೆದೆ. ಯೆರೂಸಲೇಮಿನ ಗೋಡೆ ರಿಪೇರಿ ಮಾಡಿದವರ ಪಟ್ಟಿ. ಬರೀ ಹೆಸರು, ಮೊದಲೆಲ್ಲ ಬೇಸರ ಬರುತ್ತಿತ್ತು. ಈಗ ಓದಿದರೆ ಪಟ್ಟಿಯೇ ರುಚಿ. ಅಕ್ಕಸಾಲಿಗ ಇದ್ದಾನೆ, ಸುಗಂಧ ಮಾಡುವವನು ಇದ್ದಾನೆ, ಗಾರೆ ಕೆಲಸದ ಗಂಧವೇ ಇಲ್ಲದವರು. ಶಲ್ಲೂಮ ಅನ್ನುವವನು ತನ್ನ ಹೆಣ್ಣುಮಕ್ಕಳ ಜೊತೆ ದುರಸ್ತಿ ಮಾಡಿದ. ಹೆಣ್ಣುಮಕ್ಕಳು ಅಂತ ಬರೆದೇ ಬರೆದಿದ್ದಾರೆ! ತೆಕೋವದ ದೊಡ್ಡವರು ಮಾತ್ರ ಹೆಗಲು ಕೊಡಲಿಲ್ಲ, ಅದನ್ನೂ ಬರೆದಿಟ್ಟಿದ್ದಾರೆ. ಕಪೆರ್ನೌಮಿನ ಮನೆಯವನ ಹೆಸರು ಇಲ್ಲ ಅಂತ ನಾನು ಅತ್ತಿದ್ದೆನಲ್ಲ. ಇಲ್ಲಿ ಸಾಲು ಸಾಲಾಗಿ ಕೆಲಸಗಾರರ ಹೆಸರು ಇದೆ.

ಮೇಸ್ತ್ರಿಮಗ, ಮೇ 3

ಟೀಚರ್ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಯೇಸುವನ್ನು ಬಡಗಿ ಅಂತ ಮಾರ್ಕ 6ರಲ್ಲಿ ಕರೆದಿದ್ದಾರೆ. ಗ್ರೀಕಿನ ಆ ಶಬ್ದ ಮರಗೆಲಸದವನಿಗೆ ಮಾತ್ರ ಅಲ್ಲ, ಮನೆ ಕಟ್ಟುವವನಿಗೂ ಸಲ್ಲುತ್ತದೆ ಅಂತ ಸೆಮಿನರಿಯಲ್ಲಿ ಓದಿದ ನನ್ನ ಚಿಕ್ಕಪ್ಪ ಹೇಳುತ್ತಿದ್ದರು. ಅಪ್ಪನಿಗೆ ಅದು ತುಂಬಾ ಖುಷಿ. ‘ಹಾಗಾದರೆ ಅವನಿಗೂ ಯಾರೋ ಕೂಲಿ ಬಾಕಿ ಇಟ್ಟಿರುತ್ತಾರೆ’ ಅನ್ನುತ್ತಿದ್ದರು. ತಮಾಷೆ ಅಲ್ಲ, ಅಪ್ಪ ನಿಜವಾಗಿಯೇ ನಂಬಿದ್ದರು.

ಅಪ್ಪ ಕಣ್ಣನ್ನು ನಂಬುತ್ತಿರಲಿಲ್ಲ. ಎಷ್ಟೇ ಚಿಕ್ಕ ಗೋಡೆ ಆದರೂ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಅದು ಅಲುಗಾಡುವುದು ನಿಲ್ಲುವವರೆಗೆ ಕಾಯುವುದು. ಗಾಳಿ ಇದ್ದರೆ ಲುಂಗಿ ಅಡ್ಡ ಹಿಡಿದು ನಿಲ್ಲುವುದು. ಆಮೋಸನ 7ನೇ ಅಧ್ಯಾಯದಲ್ಲಿ ಕರ್ತನು ಗೋಡೆಯ ಪಕ್ಕ ಅದೇ ಗುಂಡು ಹಿಡಿದು ನಿಂತಿದ್ದಾನೆ. ಪ್ರಸಂಗದಲ್ಲಿ ಅದನ್ನು ಭಯದ ಚಿತ್ರ ಮಾಡುತ್ತಾರೆ. ನನಗೆ ಲುಂಗಿ ಕಾಣಿಸುತ್ತದೆ.

ಹಂಚಿನಮನೆಯವ, ಮೇ 11

ಸ್ವಲ್ಪ ಬೇರೆ ವಿಷಯ. ಹಳೇ ಹಂಚುಗಳಲ್ಲಿ 310 ಒಡೆದವು. ಉಳಿದದ್ದನ್ನು ಅಂಗಳದಲ್ಲಿ ಒಟ್ಟಿ, ತೆಂಗಿನ ಬ್ರಶ್‌ನಲ್ಲಿ ಉಜ್ಜಿ ಪಾಚಿ ತೆಗೆಯುತ್ತಿದ್ದೇವೆ. ನಾನೂ ಕೂತಿದ್ದೇನೆ. ದಿನಕ್ಕೆ 60 ಆದರೆ ಸೊಂಟ ಹೋಗುತ್ತದೆ. ಮಗುಚಿದರೆ ಕೆಲವದರ ಅಡಿಯಲ್ಲಿ ಬಾಸೆಲ್ ಮಿಶನ್ನಿನ (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಶನ್) ಮುದ್ರೆ. ಅಜ್ಜ ಮನೆ ಕಟ್ಟುವಾಗಲೇ ಬೇರೆ ಯಾವುದೋ ಮನೆಯ ಹಳೇ ಹಂಚು ತಂದಿರಬೇಕು.

ಆ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಅಂತ ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದದ್ದು ಈಗ ನೆನಪಾಗುತ್ತದೆ. ಕ್ರೈಸ್ತರಾದವರನ್ನು ಮನೆಯಿಂದ, ಕಸುಬಿನಿಂದ ಹೊರಗೆ ಹಾಕುತ್ತಿದ್ದರು. ಅವರಿಗೆ ಉಣ್ಣಲು ದಾರಿ ಬೇಕಿತ್ತು. ನೇಯ್ಗೆ ಬಂತು, ಅಚ್ಚುಕೂಟ ಬಂತು, ಆಮೇಲೆ ನೇತ್ರಾವತಿ ದಂಡೆಯ ಜೇಡಿಮಣ್ಣಿನಲ್ಲಿ ಹಂಚು ಬಂತು. ನಮ್ಮ ಮುತ್ತಜ್ಜನಿಗೆ ವಾಕ್ಯದ ಜೊತೆಗೆ ಸಿಕ್ಕಿದ್ದು ಕೂಲಿ. ಅದಿಲ್ಲದಿದ್ದರೆ ವಾಕ್ಯ ಎಷ್ಟು ದಿನ ನಿಲ್ಲುತ್ತಿತ್ತೋ. ಮಿಶನ್ನಿನವರು ಬಹಳ ಸಾಧುಗಳು ಅಂತ ಅಲ್ಲ, ಕಾರ್ಖಾನೆ ಕಾರ್ಖಾನೆಯೇ. ಕೆಲಸ ಗಟ್ಟಿ, ಶಿಸ್ತು ಜಾಸ್ತಿ. ಅದೂ ಅಜ್ಜಿಯ ಮಾತೇ.

ರೊಟ್ಟಿ ಆಯಿತು, ಧಾರವಾಡದಕ್ಕಾ. ಹೆಂಡತಿಗೆ ತಟ್ಟಲು ಬರಲಿಲ್ಲ, ಹರಿದು ಹರಿದು ಹೋಯಿತು. ಕೊನೆಗೆ ಆ ಹುಡುಗರಲ್ಲಿ ಒಬ್ಬನೇ ಕೂತು ತಟ್ಟಿದ. ಅಮ್ಮ ಎರಡು ತಿಂದರು.

ಬೀಗದಮನೆ, ಮೇ 14

ಮೇಸ್ತ್ರಿಮಗ ಅವರು ಮನೆಗೆ ಹೋಗಿ ಬಂದರು. ಅಡುಗೆಕೋಣೆಯ ಮಾಡಿಗೆ ಒಟ್ಟು 40 ಹಂಚು, ಎರಡು ಪಕ್ಕಾಸು, ಒಂದು ದಂಬೆ (ಮಳೆನೀರು ಹರಿಯುವ ದೋಣಿ). ಮೂರು ದಿನದ ಕೆಲಸವಂತೆ. ಮೂರು ದಿನ! ನಾನು ಏಳು ವರ್ಷ ಹಟ ಹಿಡಿದಿದ್ದೆ. ಬೆಳಕಿಗೆ ಒಂದು ಗಾಜಿನ ಹಂಚೂ ಹಾಕಿಸಿ ಅಂತ ಅಮ್ಮ ಕೇಳಿದರಂತೆ. ನನ್ನ ಹತ್ತಿರ ಯಾವತ್ತೂ ಕೇಳಿರಲಿಲ್ಲ.

ಹೊಸ ಮನೆಯನ್ನು ಏನು ಮಾಡುವುದು ಇನ್ನೂ ಗೊತ್ತಾಗಿಲ್ಲ.

ಹಂಚಿನಮನೆಯವ, ಜೂನ್ 9

ಮಳೆ ಹಿಡಿದು ನಾಲ್ಕು ದಿನ ಆಯಿತು. ಮೊನ್ನೆ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ಅಮ್ಮನ ಕೋಣೆಯ ಮೂಲೆ ನೋಡಿದೆ. ಒಣಗಿದೆ. ಗಾರೆ ಕೆರೆದ ಗೋಡೆ ಹಾಗೆಯೇ ಬಿಟ್ಟಿದ್ದೇನೆ, ಸುಣ್ಣ ಇನ್ನೂ ಹೊಡೆದಿಲ್ಲ. ಕೆಂಪು ಕಲ್ಲು ಹಲ್ಲು ಕಿರಿದ ಹಾಗೆ ಕಾಣುತ್ತದೆ. ನೆಂಟರು ಬಂದರೆ ಬರಲಿ. ಅಮ್ಮ ಮಂಚವನ್ನು ಮಾತ್ರ ಹಿಂದಕ್ಕೆ ಎಳೆಯಲು ಬಿಡುತ್ತಿಲ್ಲ. ಬಾಗಿಲ ಹತ್ತಿರ ಗಾಳಿ ಚೆನ್ನಾಗಿ ಬರುತ್ತದಂತೆ.

ಅಣ್ಣನ ವಿಷಯ ಕೇಳಿದ್ದಿರಿ. ಫೋನ್ ಮಾಡಿದೆ. ಹನ್ನೆರಡು ನಿಮಿಷ ಮಾತಾಡಿದೆವು, ಬರೀ ಹಂಚಿನ ಬಗ್ಗೆ. ಕೋಡಿಗೆ ಸಿಮೆಂಟ್ ಹಾಕಿದೆಯಾ ಸುಣ್ಣ ಹಾಕಿದೆಯಾ ಅಂತ ಕೇಳಿದ. ಆಸ್ಪತ್ರೆಯ ಆ ರಾತ್ರಿಯ ಮಾತು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಬಾಯಿವರೆಗೆ ಬಂದಿತ್ತು.

ಹುಡುಗರು ಮೇ 28ಕ್ಕೇ ಊರಿಗೆ ಹೋದರು. ಮೊಣಕೈ ಗಾಯ ಮಾಗಿದೆ.

ಒಂದು ಕಡೆ ಸೋರುತ್ತಿದೆ, ಅಡುಗೆಕೋಣೆಯ ಬಾಗಿಲ ಮೇಲೆ. ಸಣ್ಣದು, ನಿಮಿಷಕ್ಕೆ ನಾಲ್ಕೈದು ಹನಿ. ಸ್ಟೀಲ್ ಪಾತ್ರೆ ಇಟ್ಟಿದ್ದೇನೆ. ಹನಿ ಬೀಳುವ ಜಾಗದ ಮೇಲೆ ಹುಡುಕಿ ಪ್ರಯೋಜನ ಇಲ್ಲ, ಅದು ಈಗ ಗೊತ್ತುಂಟು. ಮಳೆ ಬಿಟ್ಟ ದಿನ ನಾನೇ ಹತ್ತಿ ಮೇಲಿನಿಂದ ಒಂದೊಂದೇ ಸಾಲು ನೋಡಬೇಕು.

ಬಾತ್ರೂಮ್_ಬಲಿಪಶು, ಜೂನ್ 9

ಬೆಲ್ಟ್ ಎಲ್ಲಿದೆ?

ಹಂಚಿನಮನೆಯವ, ಜೂನ್ 9

ಅಟ್ಟದಲ್ಲಿ. ಹಗ್ಗವೂ ಅಲ್ಲೇ ಉಂಟು. ಹಿಡಿದುಕೊಳ್ಳಲು ಕೆಳಗೆ ಒಬ್ಬರು ಬೇಕು. ಅಣ್ಣನಿಗೆ ಮೆಸೇಜ್ ಹಾಕಿದ್ದೇನೆ.